ಉಪ್ಪಿನ ಮನೆಗೆ ಕೊಟ್ಟ ಮಾತು

ಫ್ರೆಂಚರು ಇನ್ನೂ ಟಿಂಬಕ್ಟು ಬಿಟ್ಟು ಹೋಗಿರದ ಕಾಲದಲ್ಲಿ, ಉಪ್ಪಿನ ವ್ಯಾಪಾರದ ದೊಡ್ಡಮನೆಯ ಹಿತ್ತಲಲ್ಲಿ ಸಜ್ಜೆ ಕುಟ್ಟುತ್ತಿದ್ದ ಮಬ್ರೂಕಾ ಒನಕೆ ಕೆಳಗಿಟ್ಟು ಯಜಮಾನಿಗೆ ಒಂದು ಮಾತು ಕೊಟ್ಟಿದ್ದಳು. ತನ್ನ ಗಂಡ ಇಕ್ನಾನನನ್ನು ಮರುಭೂಮಿಯ ಉಪ್ಪಿನ ಗಣಿಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಟ್ಟರೆ, ತಾನು ಬದುಕಿರುವಷ್ಟು ಕಾಲ ದೊಡ್ಡಮನೆಯ ಯಾವ ಮದುವೆಗೂ ತನ್ನ ಮನೆಯ ಹೆಂಗಸರ ಕೈ ತಪ್ಪುವುದಿಲ್ಲ ಎಂದು. ಯಜಮಾನಿ ಲಲ್ಲಾ ಬತೂಲ್ ಗಂಡನಿಗೆ ಹೇಳಿದಳು. ಗಂಡ ಗೊಣಗಿ ಒಪ್ಪಿದ. ಒಂಟೆಗಳ ಸಾಲು ಇಕ್ನಾನನನ್ನು ಬಿಟ್ಟು ಉತ್ತರಕ್ಕೆ ಹೊರಟಿತು.

ಆಮೇಲೆ ಫ್ರೆಂಚರು ಹೋದರು. ಇನ್ನು ಯಾರೂ ಯಾರ ಗುಲಾಮರೂ ಅಲ್ಲ ಎಂದು ರೇಡಿಯೊದವರು ಹೇಳಿದರು. ಮಬ್ರೂಕಾ ಹಿತ್ತಲು ಬಿಟ್ಟು ಊರಂಚಿನ ಕೇರಿಯಲ್ಲಿ ಮಣ್ಣಿನ ಮನೆ ಕಟ್ಟಿಕೊಂಡಳು. ಮಾತನ್ನು ಮಾತ್ರ ಬಿಟ್ಟು ಬರಲಿಲ್ಲ. ದೊಡ್ಡಮನೆಯಲ್ಲಿ ಮದುವೆ ಎಂದರೆ ತಾನು ಹೋದಳು, ಹೆಣ್ಣುಮಕ್ಕಳನ್ನು ಕರೆದೊಯ್ದಳು, ಅವರು ಗಂಡನ ಮನೆ ಸೇರಿದ ಮೇಲೆ ಸೊಸೆ ಅರ್ಕಿಯಾಳನ್ನು ಕರೆದೊಯ್ದಳು. ಪಾತ್ರೆ ತಿಕ್ಕಿ, ಈರುಳ್ಳಿ ಹೆಚ್ಚಿ, ಕುರಿಯ ಕರುಳು ತೊಳೆದು, ಕೊನೆಗೆ ಎಲ್ಲರದೂ ಆದ ಮೇಲೆ ಹಿತ್ತಲಲ್ಲಿ ಕೂತು ಉಂಡು, ಒಂದು ತುಂಡು ಬಟ್ಟೆ ಇಸಕೊಂಡು ಬರುವುದು.

ಅರ್ಕಿಯಾಗೆ ಇದರಲ್ಲಿ ಅಂಥ ವಿಶೇಷವೇನೂ ಕಂಡಿರಲಿಲ್ಲ. ಯೋಚನೆ ಮಾಡಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಗಿನ ಬಾಂಗಿಗೆ ಮುಂಚೆ ಎದ್ದು ಹಿಟ್ಟು ನಾದಬೇಕು, ಬೀದಿ ಮೂಲೆಯ ಮಣ್ಣಿನ ಒಲೆಗೆ ಬೆಂಕಿ ಹಾಕಬೇಕು, ರೊಟ್ಟಿ ಸುಟ್ಟು ಮಾರಬೇಕು. ಬೇಸಿಗೆ ಕಳೆದರೆ ಗಂಡ ಅಗಾಲಿ ದೊಡ್ಡಮನೆಯ ಲಾರಿ ಹತ್ತಿ ಗಣಿಗೆ ಹೋಗಿಬಿಡುತ್ತಾನೆ. ಮತ್ತೆ ಬೇಸಿಗೆ ಬರುವ ತನಕ ಮನೆಗೆ ಗಂಡಸೂ ಅವಳೇ, ಹೆಂಗಸೂ ಅವಳೇ.

ಈ ಸಲದ ಮದುವೆಯ ಸುದ್ದಿ ತಂದವಳು ದೊಡ್ಡಮನೆಯ ಅಡುಗೆಯಾಕೆ ತಹ್ರಾ.

"ನಾಲ್ಕು ರೊಟ್ಟಿ ಕೊಡು ಅರ್ಕಿಯಾ. ಬಿಸಿದು ಕೊಡೇ, ನಿನ್ನೆದು ಕೊಟ್ಟು ನನ್ನ ಹಲ್ಲು ಮುರೀಬೇಡ."

"ನಿನ್ನ ಹಲ್ಲು ಮುರಿಯೋಕೆ ನನ್ನ ರೊಟ್ಟಿ ಯಾಕೆ, ನಿನ್ನ ಬಾಯಿ ಸಾಲದಾ?"

ತಹ್ರಾ ನಕ್ಕಳು. "ಅಮ್ಮಾವ್ರ ಮಗಳು ನೆನ್ನಾಳ ಮದುವೆ ನಿಶ್ಚಯ ಆಯ್ತು. ಬಕ್ರೀದ್ ಕಳೆದ ಮೇಲಿನ ಎರಡನೇ ಗುರುವಾರ. ಮೂರು ದಿನ ಮುಂಚೆ ಬರಬೇಕಂತೆ, ನಿಮ್ಮತ್ತೆಗೆ ಹೇಳು. ಆಮೇಲೆ, ಮದುಮಗಳ ಕಾಲು ತೊಳೆದು ಗೋರಂಟಿ ಹಚ್ಚೋಕೆ ನಿನ್ನ ಮಗಳು ಬರ್ಲಿ ಅಂದ್ರು ಅಮ್ಮಾವ್ರು."

"ಸಲಮತುನಾ? ಅವಳು ಈಗ ಸ್ಕೂಲಲ್ಲಿ ಟೀಚರ್ ಕಣೆ."

"ಟೀಚರಿಗೆ ಕೈ ಇಲ್ವಾ?" ಎಂದು ತಹ್ರಾ ರೊಟ್ಟಿ ಬಗಲಿಗೆ ಸಿಕ್ಕಿಸಿಕೊಂಡು ಹೊರಟಳು.

ಸಂಜೆ ಒಣಮೀನು ಹಾಕಿದ ಸೊಪ್ಪಿನ ಸಾರು, ಅನ್ನ. ಮೂವರೂ ಒಂದೇ ಬೋಗುಣಿಯ ಸುತ್ತ ಕೂತಿದ್ದರು. ಅರ್ಕಿಯಾ ಸುದ್ದಿ ಹೇಳಿದಳು. ಮುದುಕಿಯ ಮುಖ ಅರಳಿತು.

"ನೆನ್ನಾ! ಆ ಮಗು ಹುಟ್ಟಿದಾಗ ನೀರು ಹಾಕಿದವಳು ನಾನು. ನನ್ನ ನೀಲಿ ಬಟ್ಟೆ ಒಗೆದಿಡು ಅರ್ಕಿಯಾ. ಸಲಮತು, ನೀನು ಉಗುರು ಕತ್ತರಿಸ್ಕೋ, ಗೋರಂಟಿ ಹಚ್ಚೋವಾಗ ಗೀಚತ್ತೆ."

"ನಾನು ಬರಲ್ಲ ಅಜ್ಜಿ."

"ಸ್ಕೂಲಿಗೆ ರಜ ಹಾಕಿದ್ರಾಯ್ತು."

"ರಜದ ಮಾತಲ್ಲ. ಆ ಮನೆ ಚಿಕ್ಕ ಹುಡುಗಿ ನನ್ನ ಕ್ಲಾಸಲ್ಲಿ ಮುಂದಿನ ಸಾಲಲ್ಲಿ ಕೂರ್ತಾಳೆ. ನಾನು ಅವಳ ಅಕ್ಕನ ಕಾಲು ತೊಳೆದುಬಿಟ್ಟು, ಸೋಮವಾರ ಹೋಗಿ ಅವಳಿಗೆ ಲೆಕ್ಕ ಹೇಳ್ಕೊಡಬೇಕಾ? ಇಡೀ ಕ್ಲಾಸಿಗೇ ಗೊತ್ತಾಗತ್ತೆ. ನಾಳೆಯಿಂದ ಒಬ್ರೂ ನನ್ನ ಮಾತು ಕೇಳಲ್ಲ."

"ಕಾಲು ತೊಳೆದ್ರೆ ಮರ್ಯಾದೆ ಹೋಗತ್ತಾ? ನಿನ್ನ ಕಾಲು, ಕುಂಡೆ ಎಲ್ಲಾ ತೊಳೆದವಳು ನಾನು. ನನ್ನ ಮರ್ಯಾದೆ ಹೋಯ್ತಾ?"

"ನಾನು ನಿನ್ನ ಮೊಮ್ಮಗಳು. ಅವರಿಗೆ ನಾನೇನಾಗ್ಬೇಕು?"

"ಅವರ ಉಪ್ಪು ತಿಂದಿದೀವಿ."

"ಅವರ ಉಪ್ಪಾ? ತಾತ ಅಗೆದಿದ್ದು, ಅಪ್ಪ ಅಗೀತಿರೋದು! ತಾತನ ಕಾಲದಲ್ಲಿ ನಾಲ್ಕು ಉಪ್ಪಿನ ಹಲಗೆ ಅಗೆದ್ರೆ ನಾಲ್ಕೂ ಅವರದೇ, ತಾತನಿಗೆ ಒಂದು ಚೀಲ ಸಜ್ಜೆ, ಮೈಗೊಂದು ಬಟ್ಟೆ. ಅಪ್ಪನ ಕಾಲಕ್ಕೆ ನಾಲ್ಕರಲ್ಲಿ ಒಂದು ಬಿಟ್ಕೊಟ್ಟಿದಾರೆ. ಅಷ್ಟಕ್ಕೆ ನಾನು ಹೋಗಿ ಕಾಲು ತೊಳೀಬೇಕು. ನಾವು ಅವರ ತೊತ್ತುಗಳಲ್ಲ ಅಜ್ಜಿ."

ಆ ಶಬ್ದವನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಬೀದಿಯಲ್ಲಿ ಜಗಳವಾದಾಗ ಇನ್ನೊಬ್ಬರು ಆಡುತ್ತಿದ್ದರು. ಮಬ್ರೂಕಾ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಬೋಗುಣಿಗೆ ಹಾಕಿ, ಎದ್ದು ಹೋಗಿ ಕೈ ತೊಳೆದಳು.

ಮಾರನೇ ದಿನದಿಂದ ಮುದುಕಿ ಬೋಗುಣಿಗೆ ಕೂರಲಿಲ್ಲ. ಅರ್ಧ ರೊಟ್ಟಿ, ಒಂದು ಲೋಟ ಚಹಾ ಇಸಕೊಂಡು ಬಾಗಿಲ ಬಳಿ ಕೂತು ತಿನ್ನುತ್ತಿದ್ದಳು. ಮೊಮ್ಮಗಳ ಜೊತೆ ಮಾತು ನಿಂತಿತು. ಹೇಳುವುದೇನಾದರೂ ಇದ್ದರೆ ಅಂಗಳದ ಮೇಕೆಗೆ ಹೇಳುತ್ತಿದ್ದಳು.

"ನೋಡು, ನಿನಗಾದ್ರೂ ಹುಲ್ಲು ಹಾಕಿದವರ ನೆನಪಿದೆ."

"ಅದಕ್ಕೆ ಕುತ್ತಿಗೇಲಿ ಹಗ್ಗಾನೂ ಇದೆ ಅಂತ ಹೇಳಮ್ಮ," ಎಂದು ಸಲಮತು ಕೊಡ ಎತ್ತಿಕೊಂಡು ನಲ್ಲಿಗೆ ಹೋಗುತ್ತಿದ್ದಳು.

ನಡುವೆ ಸಿಕ್ಕಿಕೊಂಡವಳು ಅರ್ಕಿಯಾ. ಬೆಳಿಗ್ಗೆ ಒಲೆಯ ಹೊಗೆ, ಮಧ್ಯಾಹ್ನ ಅತ್ತೆಯ ಮೂತಿ, ಸಂಜೆ ಮಗಳ ಮೂತಿ. ಮೇಕೆಯೊಂದೇ ಸುಮ್ಮನಿದ್ದದ್ದು. ಬಕ್ರೀದಿಗೆ ಇನ್ನು ಹದಿನೈದು ದಿನವಿದ್ದಾಗ ಅದಕ್ಕೂ ಏನೋ ಅನುಮಾನ ಬಂದಂತೆ ಕಿರುಚಲು ಶುರುಮಾಡಿತು.

ಒಂದು ಮಧ್ಯಾಹ್ನ ಅತ್ತೆ ಸೊಸೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಅರ್ಕಿಯಾ ತಡೆಯಲಾರದೆ ಕೇಳಿದಳು.

"ಅತ್ತೆ, ಮಾವನ್ನ ಆ ವರ್ಷ ಉಳಿಸ್ಕೊಟ್ರು, ಅದು ಗೊತ್ತು. ಮಾವ ಗಣೀಲೇ ತೀರ್ಕೊಂಡಿದ್ದು ಅಂತಾನೂ ಗೊತ್ತು. ಅದು ಎಷ್ಟು ವರ್ಷ ಆದ್ಮೇಲೆ?"

ಮುದುಕಿಯ ಬೆರಳು ಮೊರದ ಮೇಲೆ ಆಡುತ್ತಲೇ ಇತ್ತು.

"ಮುಂದಿನ ವರ್ಷ."

"ಮುಂದಿನ ವರ್ಷಾನೇ ಕಳಿಸಿದ್ರಾ?"

"ಬೇಸಿಗೆ ಕಳೆದ ತಕ್ಷಣ ಕಳಿಸಿದ್ರು. ಮೊದಲು ಗಣೀಲಿ ಆಗಿದ್ದ ಕಾಲಿನ ಹುಣ್ಣು ಆಗಿನ್ನೂ ಪೂರ್ತಿ ಒಣಗಿರಲಿಲ್ಲ. ಉಪ್ಪುನೀರಲ್ಲಿ ನಿಂತು ಅಗೀಬೇಕಲ್ಲ, ಅದು ಒಣಗೋಕೆ ಬಿಡಲ್ಲ. ನಾನು ಮತ್ತೆ ಹೋಗಿ ಬತೂಲಮ್ಮನ್ನ ಕೇಳಿದೆ. ಕೊಟ್ಟ ಮಾತು ನಡೆಸಿ ಆಯ್ತಲ್ಲ, ಒಂದು ವರ್ಷ ಉಳಿಸಿದೆನಲ್ಲ, ಅಂದ್ರು. ಅಗಾಲಿ ಹೊಟ್ಟೇಲಿದ್ದ. ಒಂಟೆಯವರು ವಾಪಸ್ ಬಂದಾಗ ಹಲಗೆ ಬಂತು, ಇವರು ಬರಲಿಲ್ಲ. ಅಲ್ಲೇ ಮಣ್ಣು ಮಾಡಿದ್ರಂತೆ."

ಅರ್ಕಿಯಾ ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಟ್ಟಳು. "ಅಲ್ಲ ಅತ್ತೆ, ಅವರೇ ಹಾಗೆ ಮಾಡಿದ ಮೇಲೆ ನೀವ್ಯಾಕೆ ಇಷ್ಟು ವರ್ಷ ಹೋಗಿ ಹೋಗಿ ಅವರ ಪಾತ್ರೆ ತಿಕ್ಕಿದ್ರಿ?"

"ಪಾತ್ರೆ ತಿಕ್ಕಿದ್ದು ಅವರಿಗೋಸ್ಕರ ಅಂದ್ಕೊಂಡ್ಯಾ?" ಮುದುಕಿ ಮೊದಲ ಸಲ ತಲೆ ಎತ್ತಿದಳು. "ಆಗೆಲ್ಲ ನಮ್ಮಂಥೋರ ಮಾತನ್ನ ಮಾತು ಅಂತಾನೇ ಎಣಿಸ್ತಿರಲಿಲ್ಲ ಕಣೆ. ಕಾಜಿ ಹತ್ರ ಸಾಕ್ಷಿಗೂ ಕರೀತಿರಲಿಲ್ಲ. ಗುಲಾಮರು ಹೇಳೋದು ಗಾಳಿ ಅಂತಿದ್ರು. ನನ್ನದು ಅಂತ ಇದ್ದಿದ್ದು ಈ ಒಂದು ಮಾತು. ಬತೂಲಮ್ಮ ದೊಡ್ಡ ಮನೆತನದೋರು, ಅವರ ಮಾತು ಒಂದು ವರ್ಷ ನಿಂತಿತು. ನನ್ನ ಮಾತು ನನ್ನ ಮಗ ಮುದುಕ ಆಗೋವರೆಗೂ ನಿಂತಿದೆ. ಯಾರದ್ದು ಗಾಳಿ?"

ಅರ್ಕಿಯಾ ಮತ್ತೆ ಕಲ್ಲು ಆರಿಸತೊಡಗಿದಳು. ಮಗಳದ್ದೂ ಸರಿ, ಅತ್ತೆಯದ್ದೂ ಸರಿ. ಇಬ್ಬರನ್ನೂ ಒಂದೇ ಬೋಗುಣಿಗೆ ಕೂರಿಸುವ ದಾರಿ ತಾನೇ ಹುಡುಕಬೇಕು.

ಎರಡು ದಿನ ರೊಟ್ಟಿ ಸುಡುತ್ತಾ ಹುಡುಕಿದಳು. ಊರಲ್ಲಿ ಮದುವೆಗೆ ಕರೆಯುವುದು ಎಂದರೆ ಅಡಿಕೆಯಂತೆ ಅಗಿಯುವ ಕೋಲಾ ಕಾಯಿ ಕಳಿಸುವುದು. ಕೋಲಾ ಬಂದ ಮನೆಯವರು ನೆಂಟರು. ಅವರು ಹೋಗಿ ಕೈಜೋಡಿಸಿದರೆ ಅದು ಸಹಾಯ, ಊಟಕ್ಕೆ ಕೂರುವುದು ಒಳಗಿನ ಚಾಪೆಯ ಮೇಲೆ. ದೊಡ್ಡಮನೆಯಿಂದ ಇವರ ಮನೆಗೆ ಯಾವತ್ತೂ ಕೋಲಾ ಬಂದದ್ದಿಲ್ಲ. ಬರುತ್ತಿದ್ದದ್ದು ತಹ್ರಾಳ ಬಾಯಿಮಾತು. ಕೋಲಾ ಬಂದರೆ ಅತ್ತೆಯ ಮಾತೂ ನಡೆಯುತ್ತದೆ, ಮಗಳೂ ತಲೆ ಎತ್ತಿಕೊಂಡು ಬರಬಹುದು.

ಎಂಟು ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅರ್ಕಿಯಾ ದೊಡ್ಡಮನೆಗೆ ಹೋದಳು. ಈಗಿನ ಯಜಮಾನ ಸಿದಾತಿ ಬತೂಲಮ್ಮನ ಮಗ. ಅವನ ಹೆಂಡತಿ ಅಗೈಷಾ ಒಳಂಗಳದಲ್ಲಿ ಮದುವೆಯ ದಿಂಬುಗಳಿಗೆ ಹತ್ತಿ ತುಂಬಿಸುತ್ತಿದ್ದಳು. ಕೆಟ್ಟವಳಲ್ಲ. ಅರ್ಕಿಯಾಳನ್ನು ಕಂಡು ನಕ್ಕು, ಪಕ್ಕದಲ್ಲೇ ಕೂರಿಸಿಕೊಂಡಳು.

"ಅತ್ತೆ ಮಂಡಿ ನೋವು ಹೇಗಿದೆ? ಬೇಗ ಬಂದುಬಿಡಿ ಅನ್ನು. ಅವರಿಲ್ಲದೆ ಇಲ್ಲಿ ಯಾರಿಗೂ ಏನೂ ತಿಳಿಯಲ್ಲ."

"ಬರ್ತಾರೆ. ಒಂದು ಮಾತು ಕೇಳೋಣ ಅಂತ ಬಂದೆ ಅಗೈಷಾ ಅಮ್ಮ. ಈ ಸಲ ನಮ್ಮನೆಗೂ ಕೋಲಾ ಕಳಿಸಿ."

ಅಗೈಷಾಳ ಕೈ ನಿಂತಿತು. "ಕೋಲಾ? ಮನೆಯವರಿಗೇ ಯಾರಾದ್ರೂ ಕೋಲಾ ಕಳಿಸ್ತಾರಾ? ನೀವು ನಮ್ಮನೆಯವರೇ ಅಲ್ವೇನೇ?"

"ಮನೆಯವರಾದ್ರೆ ಹಿತ್ತಲಲ್ಲಿ ಯಾಕೆ ಕೂತು ಉಣ್ತೀವಿ?"

ಹತ್ತಿ ತುಂಬುತ್ತಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಅಗೈಷಾ ಅವಳನ್ನು ಗದರಿಸಿ, ದನಿ ತಗ್ಗಿಸಿದಳು.

"ಇದನ್ನೆಲ್ಲ ಯಾರು ತುಂಬಿದ್ರು ನಿನ್ನ ತಲೆಗೆ? ಮಗಳಾ?"

"ತಲೆ ನನ್ನದೇ ಅಮ್ಮ. ಹತ್ತು ಕೋಲಾ ಕಾಯಿ. ನಿಮಗೆ ದೊಡ್ಡದಲ್ಲ. ನನ್ನ ಮನೆ ಒಂದಾಗತ್ತೆ."

"ಇವರನ್ನ ಕೇಳ್ತೀನಿ," ಎಂದಳು ಅಗೈಷಾ. ಕೇಳುವ ಮನಸ್ಸು ಅವಳಿಗೆ ನಿಜಕ್ಕೂ ಇದ್ದಂತೆಯೇ ಕಂಡಿತು. ಹೊರಡುವಾಗ ರೊಟ್ಟಿಯ ಬಟ್ಟೆಗೆ ಸಕ್ಕರೆ ತುಂಬಿ ಕೊಟ್ಟಳು.

ಕೋಲಾ ಬರಲಿಲ್ಲ. ಮೊದಲ ವಾರ ಅರ್ಕಿಯಾ ಬಾಗಿಲು ಸದ್ದಾದಾಗಲೆಲ್ಲ ಎದ್ದು ನೋಡಿದಳು. ಬಕ್ರೀದ್ ಬಂತು. ಮೇಕೆ ಹೋಯಿತು. ಹಬ್ಬದ ಮಾಂಸದ ಬೋಗುಣಿಗೆ ಮುದುಕಿ ಕೂತಳು, ಹಬ್ಬ ಎಂಬ ಕಾರಣಕ್ಕೆ. ಮೇಕೆ ಇಲ್ಲದ್ದರಿಂದ ಮೊಮ್ಮಗಳಿಗೆ ನೇರವಾಗಿಯೇ ಹೇಳಬೇಕಾಯಿತು:

"ಉಪ್ಪು ಕಡಿಮೆ ಆಗಿದೆ."

"ನಾಲ್ಕರಲ್ಲಿ ಒಂದು ಪಾಲು ತಾನೇ ಅಜ್ಜಿ, ಎಷ್ಟು ಅಂತ ಹಾಕಲಿ?"

ಮುದುಕಿಗೆ ನಗು ಬಂತು. ತಡೆದುಕೊಂಡಳು. ಆದರೂ ಅರ್ಕಿಯಾಗೆ ಕಂಡಿತು. ಆವತ್ತು ಅವಳಿಗೆ ತಿಂದದ್ದು ಮೈಗೆ ಹತ್ತಿತು.

ಹಬ್ಬದ ನಾಲ್ಕನೇ ದಿನ ಲಾರಿ ಬಂತು. ಅಗಾಲಿ ಹಾಸಿಗೆ ಸುರುಳಿ ಹೊತ್ತು ಅಂಗಳಕ್ಕೆ ಕಾಲಿಟ್ಟಾಗ ತುಟಿ ಒಡೆದು ಕಪ್ಪಾಗಿತ್ತು, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಅರ್ಕಿಯಾ ಬಿಸಿನೀರು ತಂದು ಕಾಲ ಬಳಿ ಇಟ್ಟಳು. ಕಾಲು ಉಪ್ಪುನೀರಿಗೆ ಬಿರಿದು ಹುಣ್ಣಾಗಿತ್ತು. ಪ್ರತಿ ವರ್ಷ ಹಾಗೇ ಇರುತ್ತಿತ್ತು.

"ಹಲಗೆ ಮಾರ್ಕೆಟ್ಟಲ್ಲಿ ಇಳಿಸಿದ್ರಾ?" ಎಂದಳು ಅರ್ಕಿಯಾ. ಬೇಸಿಗೆಯ ಅಕ್ಕಿ ಪೂರಾ ಆ ಹಲಗೆಗಳಲ್ಲಿತ್ತು.

"ಅವರದ್ದು ಇಳಿಸಿದ್ರು. ನನ್ನದು ಅಲ್ಲೇ ಇದೆ."

"ಅಲ್ಲೇ ಅಂದ್ರೆ?"

"ಗಣೀಲಿ, ಇನ್ನೆಲ್ಲಿ? ಲಾರೀಲಿ ಜಾಗ ಇಲ್ಲ ಅಂದ ಡ್ರೈವರ್. ಜಾಗ ಇತ್ತು. ಹೇರಿದವನು ನಾನು, ನನಗೆ ಗೊತ್ತಿಲ್ವಾ? ಅರ್ಧ ದಾರೀಲಿ ಚಹಾ ಕಾಯಿಸೋವಾಗ ಬಾಯಿಬಿಟ್ಟ. ಸಿದಾತಿ ಯಜಮಾನ್ರೇ ಹೇಳಿ ಕಳಿಸಿದ್ರಂತೆ. ಅಗಾಲಿ ಹೆಂಗಸರು ಕೋಲಾ ಕೇಳ್ತಿದಾರೆ, ಬರ್ತಾರೋ ಇಲ್ವೋ ಗೊತ್ತಿಲ್ಲ, ಅವನ ಹಲಗೆ ಮದುವೆ ಆದ್ಮೇಲೆ ತಂದ್ರಾಯ್ತು ಅಂತ." ಅವನ ದನಿ ಏರಿತು. "ನಾನಿಲ್ಲದಾಗ ಏನು ಮಾಡ್ಕೊಂಡ್ರಿ ನೀವೆಲ್ಲ? ಯಾರು ಕೇಳಿದ್ದು ಕೋಲಾ?"

"ನಾನು," ಎಂದಳು ಅರ್ಕಿಯಾ.

"ಯಾಕೆ? ಮೂರು ದಿನ ಈರುಳ್ಳಿ ಹೆಚ್ಚಿದ್ರೆ ಕೈ ಸವೆದು ಹೋಗ್ತಿತ್ತಾ? ನಾಲ್ಕು ತಿಂಗಳು ಆ ಗುಂಡೀಲಿ ಬೆನ್ನು ಬಗ್ಗಿಸಿದೀನಿ. ನನ್ನ ಬೆನ್ನು ಅಲ್ಲಿ ಬಯಲಲ್ಲಿ ಬಿದ್ದಿದೆ, ನಿಮಗಿಲ್ಲಿ ಕೋಲಾ ಅಗಿಯೋ ಆಸೆ!"

"ಅಪ್ಪಾ, ಅಮ್ಮನ್ನ ಬೈಬೇಡ. ನನ್ನಿಂದ ಆಗಿದ್ದು." ಸಲಮತು ಅವನ ಕಾಲನ್ನೇ ನೋಡುತ್ತಿದ್ದಳು. "ನಾನು ಹೋಗ್ತೀನಿ. ಕಾಲೂ ತೊಳೀತೀನಿ. ಹಲಗೆ ಬರ್ಲಿ."

"ಹ್ಞಾ, ಈಗ ಬುದ್ಧಿ ಬಂತು," ಎಂದ ಅಗಾಲಿ. ಆದರೆ ಅವನಿಗೇ ಅದು ಹಿಡಿಸಲಿಲ್ಲ, ಮುಖ ಆ ಕಡೆ ತಿರುಗಿಸಿದ.

ಬಾಗಿಲ ಬಳಿಯಿಂದ ಮಬ್ರೂಕಾ ಎದ್ದು ಬಂದು ಮಗನ ಎದುರಿಗೆ ಕೂತಳು.

"ಆ ಡ್ರೈವರ್ ಹೇಳಿದ್ದು ಇನ್ನೊಂದ್ಸಲ ಹೇಳು. ಬರ್ತಾರೋ ಇಲ್ವೋ ಗೊತ್ತಿಲ್ಲ ಅಂದ್ನಾ ಸಿದಾತಿ?"

"ಹಾಗಂತೆ ಅಮ್ಮ."

"ಅರ್ಕಿಯಾ, ಬರಲ್ಲ ಅಂತ ನೀನೇನಾದ್ರೂ ಹೇಳಿದ್ಯಾ?"

"ಇಲ್ಲ ಅತ್ತೆ. ಬರ್ತಾರೆ ಅಂತಾನೇ ಹೇಳಿದೆ. ಅದರ ಮೇಲೆ ಕೋಲಾ ಕೇಳಿದೆ."

ಮುದುಕಿ ಸ್ವಲ್ಪ ಹೊತ್ತು ಮಂಡಿ ನೀವಿಕೊಂಡಳು.

"ಅವನ ಅಕ್ಕಂದಿರ ಮದುವೆಗೆ ಹೋದೆ. ಅವನ ಮದುವೆಗೆ ಹೋದೆ. ಜ್ವರ ಇದ್ದಾಗಲೂ ಹೋದೆ. ನನ್ನ ಮಗಳ ಬಾಣಂತನ ಬಿಟ್ಟು ಹೋದೆ. ಒಂದ್ಸಲ ಆದ್ರೂ ತಪ್ಪಿದೀನಾ? ಇವತ್ತು ನನ್ನ ಮಾತು ಸಾಲದೇ ಹೋಯ್ತು, ನನ್ನ ಮಗನ ಹಲಗೆ ಒತ್ತೆ ಇಟ್ಕೊಂಡಿದಾನೆ."

"ಒತ್ತೆ ಅಂತ ಯಾಕಮ್ಮ..."

"ಮತ್ತೇನು ಅದು? ಒತ್ತೆ ಇಟ್ಕೊಂಡ ಮೇಲೆ ನಾನು ಹೋದ್ರೆ ಹಲಗೆಗೋಸ್ಕರ ಬಂದಳು ಅಂತಾನೆ. ಮಾತಿಗೋಸ್ಕರ ಬಂದಳು ಅಂತ ಯಾರು ಹೇಳ್ತಾರೆ?" ಅವಳು ಸಲಮತುವಿನ ಕಡೆ ತಿರುಗಿದಳು. "ಕೂತ್ಕೋ ಹುಡುಗಿ. ನೀನು ಎಲ್ಲೂ ಹೋಗಲ್ಲ. ನಾನೂ ಹೋಗಲ್ಲ. ನಿಮ್ಮಮ್ಮಾನೂ ಹೋಗಲ್ಲ."

"ಅಮ್ಮಾ, ಬೇಸಿಗೆ ಪೂರ್ತಿ ಏನು ತಿನ್ನೋದು?" ಎಂದ ಅಗಾಲಿ. "ಆ ಮನೆ ಬಿಟ್ರೆ ನನ್ನ ಹಲಗೆ ಹೊರೋರು ಯಾರು? ಮುಂದಿನ ವರ್ಷ ನನ್ನ ಲಾರಿಗೂ ಹತ್ತಿಸಲ್ಲ."

"ನಿನ್ನ ಹಲಗೆ ನೀನು ಹೋಗಿ ಕೇಳು, ನಿನ್ನದು ಅದು. ಕೊಟ್ರೆ ತಗೊಂಡ್ಬಾ. ಹೆಂಗಸರನ್ನ ಕೊಟ್ಟು ತರಬೇಡ. ನಾನು ಒಂದ್ಸಲ ಹಾಗೆ ಕೊಟ್ಟು ನಿಮ್ಮಪ್ಪನ್ನ ಉಳಿಸ್ಕೊಂಡೆ. ಒಂದೇ ವರ್ಷ ಬಂತು ಅದು."

ಅಗಾಲಿ ತಾಯಿಗೆ ಎದುರಾಡುವವನಲ್ಲ. ಬಿಸಿನೀರು ತಣ್ಣಗಾಗುವ ತನಕ ಕಾಲು ಇಳಿಬಿಟ್ಟು ಕೂತಿದ್ದ.

ಮರುದಿನ ಅವನು ದೊಡ್ಡಮನೆಗೆ ಹೋಗಿ ಹಲಗೆ ಕೇಳಿದ. ಸಿದಾತಿ ಚಹಾ ಕೊಟ್ಟು, ಮದುವೆಯ ಗಲಾಟೆ ಮುಗಿಯಲಿ ಅಂದ. ಅಗಾಲಿ ಅಲ್ಲಿಂದ ನೆಟ್ಟಗೆ ಇನ್ನೊಬ್ಬ ಲಾರಿಯವನ ಹತ್ತಿರ ಹೋದ. ಅವನು ಬಾಡಿಗೆಗೆಂದು ಹಲಗೆಗಳಲ್ಲಿ ಅರ್ಧ ಕೇಳಿದ. ಅಗಾಲಿ ಒಪ್ಪಿಕೊಂಡು ಬಂದ. ಮನೆಯಲ್ಲಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೂರನೇ ದಿನ ಹೆಂಡತಿಯ ಒಲೆಗೆ ಸೌದೆ ಒಡೆದು ಹಾಕಿದ.

ಮದುವೆಗೆ ಮೂರು ದಿನ ಇದ್ದಾಗ ತಹ್ರಾ ಏದುಸಿರು ಬಿಡುತ್ತಾ ಒಲೆಯ ಹತ್ತಿರ ಬಂದಳು. ಮಬ್ರೂಕಾ ಅಲ್ಲೇ ಸೊಸೆಯ ಪಕ್ಕ ಕೂತು ಹಿಟ್ಟಿನ ಉಂಡೆ ಮಾಡುತ್ತಿದ್ದಳು.

"ಇದೇನು, ಇನ್ನೂ ಇಲ್ಲೇ ಇದೀರಾ? ಅಲ್ಲಿ ಎರಡು ಮೂಟೆ ಈರುಳ್ಳಿ ಹಾಗೇ ಬಿದ್ದಿದೆ. ಅಮ್ಮಾವ್ರು ಕಾಯ್ತಿದಾರೆ." ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಮೆಲ್ಲಗೆ, ದಾರಿ ಮಾಡಿಕೊಡುವವಳ ಹಾಗೆ ಹೇಳಿದಳು: "ಅಜ್ಜೀಗೆ ಹುಷಾರಿಲ್ವಾ? ಮಂಡಿ ನೋವು ಜಾಸ್ತಿ ಆಯ್ತು ಅಂತ ಹೇಳ್ಬಿಡ್ಲಾ?"

ಅರ್ಕಿಯಾ ಅತ್ತೆಯ ಕಡೆ ನೋಡಿದಳು. ಹೂಂ ಅಂದಿದ್ದರೆ ಸಾಕಿತ್ತು. ಸಿದಾತಿಯ ಮುಖವೂ ಉಳಿಯುತ್ತಿತ್ತು, ಮುಂದಿನ ವರ್ಷದ ಲಾರಿಯೂ ಉಳಿಯುತ್ತಿತ್ತು.

"ಹುಷಾರಾಗಿದೀನಿ ಅಂತ ಹೇಳು," ಎಂದಳು ಮಬ್ರೂಕಾ. "ರೊಟ್ಟಿ ತಟ್ತಾ ಕೂತಿದ್ದಳು ಅಂತ ಹೇಳು."

ತಹ್ರಾ ಬಂದ ದಾರಿಯಲ್ಲೇ ಹಿಂದಿರುಗಿದಳು.

ಗುರುವಾರ ಸಂಜೆ ದೊಡ್ಡಮನೆಯ ಕಡೆಯಿಂದ ಡೋಲಿನ ಸದ್ದು ಕೇಳಿತು. ಸಲಮತು ಸ್ಕೂಲಿನಿಂದ ಬಂದು ಮಕ್ಕಳ ಸ್ಲೇಟು ಒರೆಸುತ್ತಾ ಕೂತಿದ್ದಳು. ಅರ್ಕಿಯಾ ಅನ್ನಕ್ಕೆ ಸಾರು ಸುರಿದು ಬೋಗುಣಿ ಇಟ್ಟಳು. ನಾಲ್ವರೂ ಸುತ್ತ ಕೂತು ಉಂಡರು.

ಮಬ್ರೂಕಾ ಬದುಕಿದ್ದಾಗಲೇ ದೊಡ್ಡಮನೆಯಲ್ಲಿ ಒಂದು ಮದುವೆ ಅವಳ ಮನೆಯ ಹೆಂಗಸರ ಕೈ ಇಲ್ಲದೆ ನಡೆಯಿತು. ಕೊಟ್ಟ ಮಾತು ಮುರಿಯಿತು. ಮುರಿದವಳು ಅವಳೇ.